‘ಹ್ಯಾವ್ ಯೂ ಎವರ್’ ಅಂತ ಕೇಳಿದರೆ ಏನು ಹೇಳಬೇಕು?

ಮೈಸೂರಿನಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬ್ಯಾಚ್ ಯಾವುದೇ ಇರಲಿ, ಈ ಪ್ರಶ್ನೆ ಬಂದೇ ಬರುತ್ತದೆ: “ಮೇಡಂ, ಇಂಟರ್‌ವ್ಯೂನಲ್ಲಿ ‘ಹ್ಯಾವ್ ಯೂ ಎವರ್’ ಅಂತ ಶುರು ಮಾಡ್ತಾರಲ್ಲ, ಅದಕ್ಕೆ ‘ಹ್ಯಾವ್’ ಹಾಕಿ ಉತ್ತರ ಹೇಳಬೇಕಾ, ‘ಡಿಡ್’ ಹಾಕಬೇಕಾ?”

ಮೊದಲ ಮಾತಿಗೆ ‘ಹ್ಯಾವ್’. ಆಮೇಲೆ ನಡೆದದ್ದನ್ನು ಹೇಳುವಾಗ ‘ಹ್ಯಾವ್’ ಬಿಟ್ಟು ಸಾದಾ ಭೂತಕಾಲ. ಉತ್ತರ ಇಷ್ಟೇ. ಆದರೆ ಇಷ್ಟನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದರೆ ಯಾರ ನಾಲಿಗೆಗೂ ಅದು ಹತ್ತುವುದಿಲ್ಲ.

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನೇ ತೆಗೆದುಕೊಳ್ಳೋಣ. ಹನ್ನೆರಡು ವರ್ಷಕ್ಕೊಮ್ಮೆ ಬರುವಂಥದ್ದು, ಹಿಂದಿನದು 2018ರಲ್ಲಿ ಆಯಿತು. “ಹ್ಯಾವ್ ಯೂ ಎವರ್ ಸೀನ್ ಇಟ್?” ಅಂತ ಒಬ್ಬರು ಕೇಳಿದರೆ, ಯಾವಾಗ ನೋಡಿದಿರಿ ಎಂಬುದು ಅವರಿಗೆ ಸದ್ಯಕ್ಕೆ ಬೇಕಿಲ್ಲ. ಹುಟ್ಟಿದಾಗಿನಿಂದ ಈ ಹೊತ್ತಿನವರೆಗೆ ಒಂದು ಸಲವಾದರೂ ನೋಡಿದ್ದೀರಾ ಅಂತಷ್ಟೇ ಕೇಳುತ್ತಿದ್ದಾರೆ. ಅದಕ್ಕೆ “ಯೆಸ್, ಐ ಹ್ಯಾವ್.” ಮರುಕ್ಷಣ ನೀವೇ ಮುಂದುವರಿಸಿ: “ಐ ಸಾ ಇಟ್ ಇನ್ 2018. ಐ ವೆಂಟ್ ವಿತ್ ಮೈ ಗ್ರ್ಯಾಂಡ್‌ಮದರ್.” ಇಸವಿ ಬಾಯಿಗೆ ಬಂತು ಅಂದರೆ ‘ಹ್ಯಾವ್’ ಹೊರಡಬೇಕು. ಇಸವಿ ಅಂತಲ್ಲ, ನಿನ್ನೆ, ಹೋದ ವಾರ, ಸ್ಕೂಲಿನಲ್ಲಿದ್ದಾಗ, ಹೀಗೆ ಮುಗಿದುಹೋದ ಯಾವ ಕಾಲದ ಹೆಸರು ಬಂದರೂ ಅಷ್ಟೇ.

ನಮ್ಮವರು ಎಡವುವುದು ಇಲ್ಲೇ, ಅದಕ್ಕೆ ಕಾರಣ ಕನ್ನಡದಲ್ಲೇ ಇದೆ. “ಹೋದ ವರ್ಷ ನೋಡಿದ್ದೀನಿ” ಅಂದರೆ ನಮ್ಮ ಕಿವಿಗೆ ಏನೂ ತೊಡಕಾಗುವುದಿಲ್ಲ. ಅದನ್ನೇ ಎತ್ತಿಟ್ಟು “ಐ ಹ್ಯಾವ್ ಸೀನ್ ಇಟ್ ಲಾಸ್ಟ್ ಇಯರ್” ಅನ್ನುತ್ತೇವೆ. “ನಿನ್ನೆ ಮಂಡ್ಯಕ್ಕೆ ಹೋಗಿದ್ದೆ” ಎಂಬುದು “ಐ ಹ್ಯಾಡ್ ಗಾನ್ ಟು ಮಂಡ್ಯ ಯೆಸ್ಟರ್ಡೇ” ಆಗಿಬಿಡುತ್ತದೆ. ನಿನ್ನೆಯ ಸುದ್ದಿ ಹೇಳುವುದಕ್ಕೆ “ಐ ವೆಂಟ್” ಸಾಕು.

ಹಾಗಾದರೆ ಗುರುತಿಸುವುದು ಹೇಗೆ? ನಾನು ವ್ಯಾಕರಣದ ಪಟ್ಟಿ ಉರು ಹೊಡೆಸುವುದಿಲ್ಲ. ವಾಕ್ಯವನ್ನು ಮನಸ್ಸಿನಲ್ಲೇ ‘ಇಲ್ಲ’ ಮಾಡಿ ನೋಡಿ ಅನ್ನುತ್ತೇನೆ. “ನಾನು ಯಾವತ್ತೂ ವಿಮಾನ ಹತ್ತಿಲ್ಲ.” “ಹೋದ ವಾರ ಚಾಮುಂಡಿ ಬೆಟ್ಟ ಹತ್ತಲಿಲ್ಲ.” ಹತ್ತಿಲ್ಲ, ಹತ್ತಲಿಲ್ಲ. ಈ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಿಕೊಟ್ಟಿಲ್ಲ, ಹಾಲು ಕುಡಿಯುವಾಗಲೇ ಬಂದದ್ದು. ಇಂಗ್ಲಿಷಿನ ಗೆರೆಯೂ ಹೆಚ್ಚುಕಡಿಮೆ ಅಲ್ಲೇ ಇದೆ. ‘ಹತ್ತಿಲ್ಲ’ ಅಂತ ಬಂದರೆ ‘ಹ್ಯಾವ್’: “ಐ ಹ್ಯಾವ್ ನೆವರ್ ಬೀನ್ ಆನ್ ಎ ಪ್ಲೇನ್.” ‘ಲಿಲ್ಲ’ ಬಂದರೆ ‘ಡಿಡ್’: “ಐ ಡಿಡ್ ನಾಟ್ ಕ್ಲೈಂಬ್ ದ ಹಿಲ್ ಲಾಸ್ಟ್ ವೀಕ್.” ಈಗ “ಹೋದ ವರ್ಷ ನೋಡಿದ್ದೀನಿ” ಎಂಬುದನ್ನು ತಿರುಗಿಸಿ. “ಹೋದ ವರ್ಷ ನೋಡಲಿಲ್ಲ” ಅಂತಲೇ ಬರುತ್ತದೆ. ಅಂದಮೇಲೆ “ಐ ಸಾ”. ಮಾತಿನ ಭರದಲ್ಲಿ “ನಿನ್ನೆ ಬಂದಿಲ್ಲ” ಅನ್ನುವವರೂ ಇದ್ದಾರೆ ನಿಜ, ಆದರೆ ನಿಧಾನವಾಗಿ ಹೇಳಿಕೊಂಡರೆ “ಬರಲಿಲ್ಲ” ಅಂತ ಅವರೇ ತಿದ್ದಿಕೊಳ್ಳುತ್ತಾರೆ. ಇಂಗ್ಲಿಷ್ ಬರಬೇಕಾದರೆ ಕನ್ನಡ ಮರೆಯಬೇಕು ಅಂತ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಷ್ಟು ನಯವಾದ ಅಳತೆಗೋಲು ನಮ್ಮ ಬಾಯಲ್ಲೇ ಇದೆಯಲ್ಲ!

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮಂಡ್ಯ ಕಡೆಯ ಹೆಣ್ಣುಮಗಳೊಬ್ಬರು ಬಟ್ಟೆ ಅಂಗಡಿಯೊಂದರಲ್ಲಿ ಕ್ಯಾಷಿಯರ್ ಕೆಲಸಕ್ಕೆ ಹೋಗಿದ್ದರು. ಊರಿನ ಸ್ವಸಹಾಯ ಸಂಘದ ಸಾಲ, ಉಳಿತಾಯ, ಬಡ್ಡಿ ಎಲ್ಲದರ ಲೆಕ್ಕ ವರ್ಷಗಟ್ಟಲೆ ಇವರದೇ ಕೈಯಲ್ಲಿತ್ತು. “ಹ್ಯಾವ್ ಯೂ ಎವರ್ ಹ್ಯಾಂಡಲ್ಡ್ ಕ್ಯಾಷ್?” ಅಂತ ಕೇಳಿದ್ದಕ್ಕೆ “ನೋ ಸರ್” ಅಂದು ಬಂದರು. “ನನ್ ತಾವ ದುಡ್ಡೈತಾ ಅಂತ ಕೇಳ್ತಾವ್ರೆ ಅನ್ಕಂಡೆ ಮೇಡಂ” ಅಂದರು. ‘ಹ್ಯಾವ್’ ಅಂದರೆ ‘ಇದೆ’ ಅಂತಲೇ ಅವರಿಗೆ ಕಲಿಸಿದ್ದರು, ಅದರ ಮುಂದಿನ ಪಾಠ ಸಿಕ್ಕಿರಲಿಲ್ಲ. ಅನುಭವ ಇಲ್ಲದ್ದಕ್ಕೆ ಕೆಲಸ ತಪ್ಪಿದರೆ ಒಪ್ಪಬಹುದು. ಇರುವ ಅನುಭವ ಒಂದು ಕ್ರಿಯಾಪದದ ಹಿಂದೆ ಮುಚ್ಚಿಹೋಗುವುದನ್ನು ನಾನು ಒಪ್ಪಲಾರೆ. “ಯೆಸ್ ಸರ್, ಐ ಹ್ಯಾವ್. ಐ ಕೆಪ್ಟ್ ದ ಅಕೌಂಟ್ಸ್ ಆಫ್ ಅವರ್ ಸಂಘ” ಅಂತ ನಾವಿಬ್ಬರೂ ಕೂತು ಅಭ್ಯಾಸ ಮಾಡಿದೆವು. ‘ಸಂಘ’ ಅಂತಲೇ ಹೇಳಿ, ಅದಕ್ಕೆ ಇಂಗ್ಲಿಷ್ ಹುಡುಕುತ್ತಾ ನಿಲ್ಲಬೇಡಿ ಅಂದೆ.

ಉತ್ತರದಲ್ಲಿ ‘ಎವರ್’ ಸೇರಿಸುವ ಅಭ್ಯಾಸ ಬಿಡಿ. “ಯೆಸ್, ಐ ಹ್ಯಾವ್ ಎವರ್ ಸೀನ್” ಅನ್ನುವುದಿಲ್ಲ, ‘ಎವರ್’ ಪ್ರಶ್ನೆಯವರದು. ‘ನೆವರ್’ ಬಂದರೆ ಇನ್ನೊಂದು ‘ನಾಟ್’ ಬೇಡ. ‘ಯಾವತ್ತೂ’ ಜೊತೆಗೆ ‘ಇಲ್ಲ’ ಹೇಳಿ ರೂಢಿಯಾದ ನಮಗೆ “ಐ ಹ್ಯಾವಂಟ್ ನೆವರ್” ಅಂತ ಬಂದುಬಿಡುತ್ತದೆ. ‘ಹ್ಯಾವ್’ ನಂತರ ಮೂರನೆಯ ರೂಪ ಬರಬೇಕು, ಸೀನ್, ಈಟನ್, ಸ್ಪೋಕನ್, ಇದನ್ನು ಮಾತ್ರ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ.

‘ಗಾನ್’ ಮತ್ತು ‘ಬೀನ್’ ಬಗ್ಗೆ ಸ್ವಲ್ಪ ನಿಲ್ಲಬೇಕು. “ಯಜಮಾನರು ದುಬೈಗೆ ಹೋಗಿದ್ದಾರೆ” ಅಂದರೆ ಈಗ ಅಲ್ಲಿದ್ದಾರೆ ಅಂತಲೂ ಆಗಬಹುದು, ಹಿಂದೊಮ್ಮೆ ಹೋಗಿದ್ದರು ಅಂತಲೂ ಆಗಬಹುದು. ಇಂಗ್ಲಿಷಿನಲ್ಲಿ ಹೀಗೆ ಎರಡಕ್ಕೂ ಒಂದೇ ಮಾತು ನಡೆಯುವುದಿಲ್ಲ. “ಹಿ ಹ್ಯಾಸ್ ಗಾನ್ ಟು ದುಬೈ” ಅಂದರೆ ಮನೆಯಲ್ಲಿಲ್ಲ. “ಹಿ ಹ್ಯಾಸ್ ಬೀನ್ ಟು ದುಬೈ” ಅಂದರೆ ಹೋಗಿ ಬಂದಿದ್ದಾರೆ. ಅನುಭವ ಕೇಳುವಾಗ ನಮಗೆ ಬೇಕಾದ್ದು ಈ ‘ಹೋಗಿ ಬಂದ’ ಲೆಕ್ಕವೇ. ಆದ್ದರಿಂದ “ಹ್ಯಾವ್ ಯೂ ಎವರ್ ಬೀನ್ ಟು ಮೇಲುಕೋಟೆ?”

ಇನ್ನೊಂದು ಸೂಕ್ಷ್ಮ. ದಸರಾ ವಸ್ತುಪ್ರದರ್ಶನ ಇನ್ನೂ ನಡೆಯುತ್ತಿದ್ದರೆ “ಹ್ಯಾವ್ ಯೂ ಸೀನ್ ದ ಎಕ್ಸಿಬಿಷನ್?” ಅಂತ ಕೇಳುತ್ತೇವೆ, ನೋಡಲು ಇನ್ನೂ ಅವಕಾಶ ಉಂಟು. ಮುಗಿದ ಮೇಲೆ “ಡಿಡ್ ಯೂ ಸೀ?” ಬದುಕಿಗೂ ಇದೇ ನಿಯಮ. “ವಿಶ್ವೇಶ್ವರಯ್ಯ ಹ್ಯಾಸ್ ವಿಸಿಟೆಡ್ ಜಪಾನ್” ಅಂತ ಮಕ್ಕಳು ಬರೆಯುತ್ತಾರೆ. ಅವರು ತೀರಿಕೊಂಡದ್ದು 1962ರಲ್ಲಿ, ಹಾಗಾಗಿ “ವಿಸಿಟೆಡ್” ಅಂತಷ್ಟೇ ಬರೆಯಬೇಕು. ಅನುಭವದ ‘ಹ್ಯಾವ್’, ‘ಹ್ಯಾಸ್’ ಬದುಕಿರುವವರಿಗೆ. ಅವರ ಲೆಕ್ಕ ಇನ್ನೂ ತೆರೆದೇ ಇರುತ್ತದೆ.

“ಅಮೆರಿಕದವರು ‘ಡಿಡ್ ಯೂ ಎವರ್’ ಅಂತಾರಲ್ಲ ಮೇಡಂ?” ಅಂತ ಸಿನಿಮಾ ನೋಡುವ ಹುಡುಗರು ಹಿಡಿಯುತ್ತಾರೆ. ಹೌದು, ಅವರ ಆಡುಮಾತಿನಲ್ಲಿ ಅದು ಸಲ್ಲುತ್ತದೆ. ಕೇಳಿದರೆ ಗಾಬರಿಯಾಗಬೇಡಿ, ಉತ್ತರ ಕೊಡಿ. ಪರೀಕ್ಷೆಯಲ್ಲಿ ಮತ್ತು ಇಲ್ಲಿನ ಇಂಟರ್‌ವ್ಯೂಗಳಲ್ಲಿ ನೀವು ಕೇಳುವಾಗ ‘ಹ್ಯಾವ್ ಯೂ ಎವರ್’ ಅಂತಲೇ ಕೇಳಿ.