ಎರಡು ನೀಲಿ ನೋಟು

ಹನೋಯಿಯಲ್ಲಿ ಬೆಳಗಿನ ಆರಕ್ಕೇ ಪಾದಚಾರಿ ಮಾರ್ಗವೆಲ್ಲ ಅಡುಗೆಮನೆಯಾಗಿರುತ್ತದೆ. ಐದು ದಿನಗಳಲ್ಲಿ ನಾನು ಕಲಿತ ವಿಯೆಟ್ನಾಮಿ ಪದ ಒಂದೇ, 'ಚಾಯ್'. ಚಹಾ ಅಲ್ಲ, ಸಸ್ಯಾಹಾರ ಎಂದು ಅರ್ಥ. ಚಹಾ ಬೇಕಿದ್ದರೆ 'ಚಾ' ಎನ್ನಬೇಕು. ಮೊದಲ ದಿನ ಚಹಾ ಕೇಳಿ ತೋಫು ತಿಂದವನು ನಾನು.

ಅಂದು ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ಗೆ ಹೊರಟಿದ್ದೆ. ತಳ್ಳುಗಾಡಿಯ ಅಜ್ಜಿಯಿಂದ ತೋಫು, ಸೌತೆಕಾಯಿ ತುಂಬಿದ ಬ್ರೆಡ್ಡು, ಅಂದರೆ ಬಾನ್ ಮಿ, ಕಟ್ಟಿಸಿಕೊಂಡು ನೀಲಿ ನೋಟೊಂದನ್ನು ಕೊಟ್ಟು ನಡೆದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ತೋಳು ಹಿಡಿದಳು. ನಾನು ಕೊಟ್ಟಿದ್ದು 20,000 ಡಾಂಗ್ ಅಲ್ಲ, 5,00,000! ಎರಡೂ ನೀಲಿ, ಎರಡರ ಮೇಲೂ ರಾಷ್ಟ್ರನಾಯಕ ಹೋ ಚಿ ಮಿನ್. ಒಂದಕ್ಕೆ ನಮ್ಮ ಎಪ್ಪತ್ತು ರೂಪಾಯಿಯ ಬೆಲೆ, ಇನ್ನೊಂದಕ್ಕೆ ಒಂದೂವರೆ ಸಾವಿರಕ್ಕೂ ಮೇಲೆ. ಅಜ್ಜಿ ಗಾಡಿಯಿಂದ ಇನ್ನೊಂದು ನೀಲಿ ನೋಟು ತಂದು, ಎರಡನ್ನೂ ಮಗುಚಿ ಹಿಂಬದಿ ತೋರಿಸಿದಳು. ಚಿಕ್ಕದರಲ್ಲಿ ಹೊಯ್ ಆನ್ ಊರಿನ, ಚಾವಣಿ ಹೊದ್ದ ಹಳೆಯ ಸೇತುವೆ, ದೊಡ್ಡದರಲ್ಲಿ ಹೋ ಚಿ ಮಿನ್ ಬಾಲ್ಯ ಕಳೆದ ಹಳ್ಳಿಮನೆ. ಸೇತುವೆಗೆ ಬೆರಳಿಟ್ಟು ತಲೆಯಾಡಿಸಿದಳು, ಮನೆಗೆ ಬೆರಳಿಟ್ಟು ಕಣ್ಣರಳಿಸಿದಳು. ಸೊನ್ನೆ ಎಣಿಸುವುದಕ್ಕಿಂತ ಇದು ಸುಲಭ.

86ನೇ ನಂಬರಿನ ಬಸ್ಸು ಐದು ಗೋಪುರಗಳ ನ್ಯಾತ್ ತಾನ್ ಸೇತುವೆ ಹತ್ತಿತು. ಕೆಳಗೆ ಕೆಂಪು ನದಿ, ಹೆಸರಿಗೆ ತಕ್ಕಂತೆ ಮಣ್ಣುಬಣ್ಣ. ನೋಯ್ ಬಾಯ್ ನಿಲ್ದಾಣದ ಕೌಂಟರಿನಲ್ಲಿ, ಲಾವೋಸ್‌ನಿಂದ ಮುಂದೆ ಹೋಗುವ ಟಿಕೆಟ್ ತೋರಿಸಿ ಎಂದರು. ಅದು ಮೊಬೈಲಿನಲ್ಲಿತ್ತು, ಮೊಬೈಲಿನ ಚಾರ್ಜ್ ಮುಗಿದಿತ್ತು. ಗೋಡೆಯ ಪ್ಲಗ್ಗಿನ ಪಕ್ಕ ನೆಲದ ಮೇಲೆ ಕುಳಿತು ಬಾನ್ ಮಿ ಮುಗಿಸಿದೆ. ಆಮೇಲೆ ವಿಮಾನವೂ ತಡ. ಒಂದು ಗಂಟೆಯ ಚಿಲ್ಲರೆ ಹಾರಾಟಕ್ಕೆ ಇಡೀ ಹಗಲು ಹೋಯಿತು.

ಹಾರಾಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಚುವೋಂಗ್ ಸೋನ್ ಬೆಟ್ಟಸಾಲನ್ನು ಮೋಡ ನುಂಗಿತ್ತು. ಎರಡೂ ದೇಶಕ್ಕೆ ಒಂದೇ ಸಮಯವಾದ್ದರಿಂದ ಗಡಿಯಾರ ತಿರುಗಿಸುವ ಕೆಲಸವೂ ಇರಲಿಲ್ಲ.

ವತ್ತಾಯ್ ನಿಲ್ದಾಣದಲ್ಲಿ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರ. ಹನೋಯಿಯ ಬರಹ ರೋಮನ್ ಲಿಪಿಯಲ್ಲಿ, ತಲೆ ಮೇಲೆ ಕೊಂಬು, ಕಾಲಕೆಳಗೆ ಚುಕ್ಕಿ. ಇಲ್ಲಿ ದುಂಡನೆಯ ಲಾವೊ ಅಕ್ಷರಗಳು, ನಮ್ಮ ಲಿಪಿಯಂತೆಯೇ ಬ್ರಾಹ್ಮಿಯ ಬಳ್ಳಿಯಲ್ಲಿ ಬಿಟ್ಟವು. ಒಂದಕ್ಷರ ಓದಲು ಬಾರದಿದ್ದರೂ ನೆಂಟರ ಮನೆಯ ಬಾಗಿಲಿಗೆ ಬಂದಂತಾಯಿತು. ಇಲ್ಲಿಯವರು ಊರನ್ನು 'ವಿಯಂಗ್ ಚನ್' ಎನ್ನುತ್ತಾರೆ, ಚಂದನದ ಊರು. ಮೈಸೂರು ಸೀಮೆಯವನಿಗೆ ಇಷ್ಟು ಸಾಕು, ಮೂಗು ಸುಮ್ಮನೆ ಗಂಧ ಹುಡುಕತೊಡಗಿತು. ಸಿಕ್ಕಿದ್ದು ಸುಟ್ಟ ಮೀನಿನ ವಾಸನೆ.

ಸಂಜೆ ಮೆಕಾಂಗ್ ದಂಡೆಗೆ ಹೋದೆ. ಅಲ್ಲಿ ದೊರೆ ಅನುವೊಂಗ್‌ನ ದೊಡ್ಡ ಪ್ರತಿಮೆ ನದಿಯ ಕಡೆಗೆ ಕೈ ಚಾಚಿ ನಿಂತಿದೆ. ಅವನು ಸಯಾಮಿನ ವಿರುದ್ಧ ದಂಗೆಯೆದ್ದ, ಸಯಾಮಿನವರು ಈ ಊರನ್ನು ಸುಟ್ಟು ಹಾಕಿದರು. ಕೈ ಚಾಚಿದ ದಿಕ್ಕಿನಲ್ಲಿ, ಆಚೆ ದಡದಲ್ಲಿ, ಅದೇ ಸಯಾಮಿನ, ಇಂದಿನ ಥಾಯ್ಲೆಂಡಿನ, ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಹರಸುವ ಕೈಯೋ ತಡೆಯುವ ಕೈಯೋ ನನಗೆ ತಿಳಿಯಲಿಲ್ಲ.

ಎಳನೀರು ಕುಡಿದು, ಆಗಷ್ಟೇ ಎಟಿಎಂನಿಂದ ತೆಗೆದು ಜೇಬಿಗೆ ತುರುಕಿದ್ದ ಲಾವೊ ಹಣ ಕಿಪ್‌ನ ಕಂತೆಯಿಂದ ಒಂದು ನೋಟು ಎಳೆದು ಕೊಟ್ಟೆ. ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಿಸಕ್ಕನೆ ನಕ್ಕು ಹಿಂದಿರುಗಿಸಿದಳು. ನೀಲಿ ನೋಟು, ಹೋ ಚಿ ಮಿನ್. ಎದೆ ಧಸಕ್ಕೆಂದಿತು, ಮಗುಚಿ ನೋಡಿದೆ.

ಸೇತುವೆ.