‘ಯಾಕೆ ಮಿಸ್?’

ನವೆಂಬರ್ 15, 2025, ಶನಿವಾರ ರಾತ್ರಿ

ಇವತ್ತು ಶಾಲಾ ಫುಟ್‌ಬಾಲ್‌ನ ನಾಲ್ಕು ಪಂದ್ಯಕ್ಕೆ ನಾನೇ ರೆಫರಿ. ಕಾಲು ಬಿಸಿನೀರಲ್ಲಿದೆ. ಮೊದಲ ಮೂರರ ಬಗ್ಗೆ ಹೇಳುವಂಥದ್ದೇನಿಲ್ಲ.

ನಾಲ್ಕನೆಯದು ಮುಗಿದು ಸೀಟಿಯನ್ನು ಬ್ಯಾಗಿಗೆ ಹಾಕುವಾಗ ಏಳನೇ ನಂಬರಿನ ಹುಡುಗನ ಅಪ್ಪ ಬಂದರು. ಜಗಳಕ್ಕಲ್ಲ. “ಮೇಡಂ, ಬೇಜಾರು ಮಾಡ್ಕೋಬೇಡಿ, ಒಂದ್ಸಲ ನೋಡಿ” ಅಂತ ಮೊಬೈಲು ಹಿಡಿದರು. ಅವರ ಮಗ ಹೊಡೆದ ಗೋಲು, ಪಾಸ್ ಬರುವಾಗ ಅವನು ಎದುರು ತಂಡದ ಡಿಫೆಂಡರ್‌ಗಳನ್ನೆಲ್ಲ ದಾಟಿ ನಿಂತಿದ್ದ ಅಂತ ನಾನು ಆಫ್‌ಸೈಡ್ ಕೊಟ್ಟದ್ದು. ಆಚೆ ಬದಿಯಲ್ಲಿ ಎದುರು ತಂಡದ ಡಿಫೆಂಡರ್ ಒಬ್ಬ ಗೋಲಿನ ಹತ್ತಿರವೇ ಉಳಿದುಬಿಟ್ಟಿದ್ದಾನೆ. ಆಫ್‌ಸೈಡ್ ಅಲ್ಲವೇ ಅಲ್ಲ.

“ಹೌದು, ತಪ್ಪಾಗಿದೆ” ಅಂದೆ.

“ಹಾಗಾದ್ರೆ ಈಗ?”

“ಆಟ ಮತ್ತೆ ಶುರುವಾದ ಮೇಲೆ ತೀರ್ಪು ಬದಲಾಯಿಸೋ ಹಾಗಿಲ್ಲ ಸಾರ್.”

ಅವರ ಶಾಲೆ ಸೋತದ್ದು 1-0. ಗೆರೆ ಪಕ್ಕದಿಂದ ಆಫ್‌ಸೈಡ್ ಬಾವುಟ ಎತ್ತಿದ ನಮ್ಮ ಪಿಯುಸಿ ಹುಡುಗ ಪಕ್ಕದಲ್ಲೇ ನಿಂತಿದ್ದ, ಮುಖ ಬಿಳಿಚಿಕೊಂಡು. “ತೀರ್ಪು ನನ್ನದು” ಅಂತ ಅವನಿಗೂ ಕೇಳಿಸುವಂತೆ ಹೇಳಿದೆ.

ಬಸ್ಸಿನಲ್ಲಿ ಬರುವಾಗ ಲೂಯಿಸ್ ಡಿಯಾಸ್ ಗೋಲು ನೆನಪಾಯಿತು. 2023ರ ಸೆಪ್ಟೆಂಬರ್ 30, ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಮೈದಾನದಲ್ಲಿ ಡಿಯಾಸ್‌ನ ತಂಡ ಲಿವರ್‌ಪೂಲ್ ಆಟ. ಅಲ್ಲೂ ಬಾವುಟ ಎದ್ದಿತ್ತು. ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವವರ) ಕೋಣೆಯಲ್ಲಿ ಗೆರೆ ಎಳೆದು ನೋಡಿದಾಗ ಡಿಯಾಸ್ ಸರಿಯಾಗಿಯೇ ಇದ್ದ. ಆದರೆ ಮೈದಾನದಲ್ಲಿ ರೆಫರಿ ಗೋಲು ಕೊಟ್ಟಿದ್ದಾರೆ ಅಂತಲೇ ಆ ಕೋಣೆಯಲ್ಲಿದ್ದವರು ತಿಳಿದಿದ್ದರು. ‘ಪರಿಶೀಲನೆ ಮುಗಿಯಿತು’ ಅಂದರು. ರೆಫರಿಗೆ ಅದು ‘ಆಫ್‌ಸೈಡ್ ಸರಿ’ ಅಂತ ಕೇಳಿಸಿತು. ಫ್ರೀ ಕಿಕ್ ಆಗಿಹೋಯಿತು. ಕೆಲವೇ ಸೆಕೆಂಡಿನಲ್ಲಿ ತಪ್ಪು ಗೊತ್ತಾಯಿತು, ಆದರೆ ಅಷ್ಟರಲ್ಲಿ ಆಟ ಶುರುವಾಗಿತ್ತು. ಮೂರು ದಿನದ ಮೇಲೆ ಹೊರಬಂದ ಧ್ವನಿಮುದ್ರಣದಲ್ಲಿ ಆಟ ತಡೆಯಿರಿ ಅನ್ನುವ ದನಿಯೂ ಇದೆ, ಏನೂ ಮಾಡಕ್ಕಾಗಲ್ಲ ಅನ್ನುವ ದನಿಯೂ ಇದೆ. ಲಿವರ್‌ಪೂಲ್ 2-1ರಲ್ಲಿ ಸೋತಿತು.

ಕ್ಯಾಮೆರಾ ಸರಿಯಾಗಿಯೇ ನೋಡಿತ್ತು, ಮನುಷ್ಯರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ರಗ್ಬಿಯಲ್ಲಿ ಹೀಗಾಗುವುದು ಕಷ್ಟ. ಟಿಎಂಒ (ಪರದೆ ನೋಡುವ ಅಧಿಕಾರಿ) ಹತ್ತಿರ ಕೇಳುವ ಮೊದಲೇ ‘ನನ್ನ ತೀರ್ಪು ಟ್ರೈ’ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು) ಅಂತಲೋ ಅಲ್ಲ ಅಂತಲೋ ರೆಫರಿ ಬಾಯಿಬಿಟ್ಟು ಹೇಳುತ್ತಾರೆ. ಟಿವಿ ಮುಂದೆ ಕೂತ ನಮಗೂ ಆ ಮಾತುಕತೆ ಕೇಳುತ್ತದೆ. ಫುಟ್‌ಬಾಲ್‌ನಲ್ಲೂ 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ಮೈಕಿನಲ್ಲಿ ತೀರ್ಪು ಹೇಳಿದರು. ಆದರೆ ಬರೀ ತೀರ್ಪು. ಅದಕ್ಕೆ ಮುಂಚಿನ ಮಾತು ಇನ್ನೂ ಕೋಣೆಯೊಳಗೇ.

ಹಾಗಂತ ರಗ್ಬಿಯಲ್ಲಿ ಎಲ್ಲ ಸಲೀಸಾಗಿದೆ ಅನ್ನಲಾರೆ. ಅದೇ ವರ್ಷದ ವಿಶ್ವಕಪ್ ಫೈನಲ್, ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ನ್ಯೂಜಿಲೆಂಡಿನ ಆರನ್ ಸ್ಮಿತ್‌ನ ಟ್ರೈ ರದ್ದಾಯಿತು. ಅದಕ್ಕೂ ಮುಂಚೆ ಲೈನ್‌ಔಟ್‌ನಲ್ಲಿ (ಹೊರಹೋದ ಚೆಂಡನ್ನು ಮತ್ತೆ ಒಳಗೆಸೆಯುವಾಗ) ಚೆಂಡು ಕೈಜಾರಿ ಮುಂದಕ್ಕೆ ಹೋಗಿತ್ತು, ಅದು ತಪ್ಪೇ, ನಿಜ. ಟಿಎಂಒ ಅಷ್ಟು ಹಿಂದಕ್ಕೆ ಹೋಗಿ ನೋಡಬಹುದಿತ್ತೇ ಅನ್ನುವುದೇ ಜಗಳ. ಪರದೆ ಮುಂದೆ ಕೂತಿದ್ದ ಟಾಮ್ ಫೋಲಿ ಜನರ ಬೈಗುಳ ತಾಳಲಾರದೆ ಡಿಸೆಂಬರ್ ಹೊತ್ತಿಗೆ ಅಂತರರಾಷ್ಟ್ರೀಯ ಪಂದ್ಯಗಳಿಂದಲೇ ಹಿಂದೆ ಸರಿದರು. ಬಾವುಟ ಹಿಡಿದ ನಮ್ಮ ಹುಡುಗ ರಾತ್ರಿ ಊಟ ಮಾಡಿದನೋ ಇಲ್ಲವೋ. ಫೋನ್ ಮಾಡಿದೆ, ಎತ್ತಲಿಲ್ಲ.

ನೀರು ಆರಿತು. ಅಮ್ಮ ಎರಡು ಸಲ ಕರೆದರು.

ಗೋಲು ರದ್ದು ಮಾಡಿದಾಗ ಆ ಏಳನೇ ನಂಬರು ನನ್ನ ಹತ್ತಿರವೇ ಓಡಿಬಂದು “ಯಾಕೆ ಮಿಸ್?” ಅಂತ ಕೇಳಿದ್ದ. ಹದಿಮೂರು ವರ್ಷದ ಮಗು. ಬಾವುಟ ನೋಡಿ ಕೊಟ್ಟೆ, ಆಚೆ ಬದಿ ನನಗೆ ಕಾಣಲಿಲ್ಲ ಅಂತ ಹೇಳಲು ಐದು ಸೆಕೆಂಡು ಸಾಕಿತ್ತು. ಹೇಳುತ್ತಾ ಹೇಳುತ್ತಾ ನಾನೇ ಆಚೆ ಒಮ್ಮೆ ತಿರುಗಿ ನೋಡುತ್ತಿದ್ದೆನೋ ಏನೋ, ಫ್ರೀ ಕಿಕ್ ಇನ್ನೂ ಆಗಿರಲಿಲ್ಲ. “ಆಫ್‌ಸೈಡ್, ಹೋಗು” ಅಂದೆ, ಅಷ್ಟೇ. ಮುಂದಿನ ಶನಿವಾರ ಮತ್ತೆ ಅದೇ ಶಾಲೆಯ ಪಂದ್ಯ ನನ್ನ ಪಾಲಿಗಿದೆ. ಟಾಸಿಗೆ ಮುಂಚೆಯೇ ಅವನನ್ನು ಕರೆದು