ಹಿಂದಿನ ಖೋಲಿಗೊಂದು ಹಾಯಿದೋಣಿಯ ಕಿಂಡಿ

ಕೊಪ್ಪಳ ಜಿಲ್ಲೆಯಲ್ಲಿ ಮನೆಗೆ ಬೂಷ್ಟು ಹಿಡಿಯುತ್ತೆ ಅಂದ್ರೆ ಮಲೆನಾಡಿನ ಗೆಳತಿಯರು ನಗುತ್ತಾರೆ. ನಿಮ್ಮದು ಬಯಲುಸೀಮೆ ಅಲ್ವಾ ಅಂತಾರೆ. ಅವರು ಕುಷ್ಟಗಿ, ಯಲಬುರ್ಗಾ ಕಡೆ ನೋಡಿರಬಹುದು, ಗಂಗಾವತಿಗೆ ಬಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿ ಊರ ಸುತ್ತ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. ಭತ್ತಕ್ಕೆ ಅದು ಬೇಕು. ಗೋಡೆಗೆ ಬೇಡ.

ನಮ್ಮ ಮನೆ ಗದ್ದೆಗೆ ಹತ್ತಿಕೊಂಡೇ ಇದೆ. ಹಿಂದಿನ ಖೋಲಿಯಲ್ಲಿ ಅಕ್ಕಿ ಚೀಲ, ಕೌದಿಗಳು, ಅವ್ವನ ಹಳೆಯ ಗಾದಿ, ಒಂದು ಕಬ್ಬಿಣದ ತಿಜೋರಿ. ಶ್ರಾವಣ ಬಂತೆಂದರೆ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಬಣ್ಣ ಹೊಡೆಸಿದರೆ ಮುಂದಿನ ಮಳೆಗಾಲಕ್ಕೆ ಬಣ್ಣದ ಮೇಲೇ ಕರಿ ಚುಕ್ಕಿ.

ನನ್ನ ತಮ್ಮ ಗೋವಾದಲ್ಲಿ ಹಾಯಿದೋಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ದೋಣಿ ಸಾಹುಕಾರರು ಎಲ್ಲೋ ಇರುತ್ತಾರೆ. ತೊಳೆಯುವುದು, ಹಾಯಿ ಒಣಗಿಸಿ ಮಡಿಸುವುದು, ಕ್ಯಾಬಿನ್ನಿಗೆ ಬೂಷ್ಟು ಬರದಂತೆ ಕಾಯುವುದು ಎಲ್ಲ ಇವನ ಪಾಲು. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಕೆಲಸ ಕಡಿಮೆ, ಆಗ ಊರಿಗೆ ಬರುತ್ತಾನೆ. ಈ ಸಲ ಬಂದವನು ಹಿಂದಿನ ಖೋಲಿಯಲ್ಲಿ ಮಲಗಿದ. ಬೆಳಿಗ್ಗೆ ಎದ್ದವನೇ, "ಅಕ್ಕಾ, ಇದು ಖೋಲಿ ಅಲ್ಲ, ಮುಚ್ಚಿಟ್ಟ ಕ್ಯಾಬಿನ್ ಆಗೇತಿ ನೋಡು" ಅಂದ. ಅವತ್ತು ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಚಹಾ ಕುಡಿದು ಇಬ್ಬರೂ ಸಾಮಾನು ಹೊರಗೆ ಎಳೆಯಲು ಶುರು ಮಾಡಿದೆವು.

ನಾನು ಬಕೆಟ್ಟು, ಬ್ರಷ್ಷು ಹಿಡಿದು ನಿಂತಿದ್ದೆ. ಅವನು ಮೊಬೈಲ್ ಟಾರ್ಚ್ ಹಚ್ಚಿ ಗೋಡೆಗೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟ. ಎದುರಿನಿಂದ ನೋಡಿದಾಗ ಬರೀ ಕಲೆಯಾಗಿ ಕಂಡಿದ್ದು ಈಗ ಸಣ್ಣ ರೋಮ ನಿಂತಂತೆ ನೆರಳು ಸಮೇತ ಎದ್ದು ಕಂಡಿತು. ತಿಜೋರಿ ಒತ್ತಿಕೊಂಡಿದ್ದ ಜಾಗದಲ್ಲಿ ಅದು ಕಪ್ಪು ಹಸಿರು, ತಿಜೋರಿಯ ಆಕಾರಕ್ಕೇ ಹರಡಿತ್ತು. ನೆಲದಿಂದ ಮೊಳದೆತ್ತರದವರೆಗೆ ಮಾತ್ರ ಬಿಳಿ ಪುಡಿ. ಅದರ ಮೇಲೆ ನೀರು ಚಿಮುಕಿಸಿದ. ಪುಡಿ ಕರಗಿ ಮಾಯ. "ಇದು ಬೂಷ್ಟಲ್ಲ, ಉಪ್ಪು. ಬೂಷ್ಟಾಗಿದ್ರ ನೀರಿಗೆ ಕರಗ್ತಿರಲಿಲ್ಲ."

ನೀರು ನಿಂತ ಹೊಲಕ್ಕೆ ಸವಳು ಏರುವುದು ನಮ್ಮ ಕಡೆ ರೈತರಿಗೆಲ್ಲ ಗೊತ್ತು. ಅದೇ ಸವಳು ಗೋಡೆ ಹೀರಿದ ನೀರಿನ ಜೊತೆ ಮೇಲೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆಮೇಲೆ ಆ ಉಪ್ಪೇ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅಡುಗೆ ಉಪ್ಪಾದರೆ ಗಾಳಿಯ ತೇವಾಂಶ ಶೇ. 75 ದಾಟಿದಾಗ ನೀರಾಗಲು ಶುರು. ದೋಣಿಯಲ್ಲೂ ಇದೇ ಕಾಟವಂತೆ. ಸಮುದ್ರದ ನೀರು ತಾಗಿದ ಬಟ್ಟೆ, ಹಗ್ಗ, ಕುಶನ್ ಇಡೀ ದಿನ ಬಿಸಿಲಿಗೆ ಹಾಕಿದರೂ ರಾತ್ರಿ ಮತ್ತೆ ಹಸಿ. ಮೊದಲು ಸಿಹಿನೀರಲ್ಲಿ ಜಾಲಿಸಿ ಉಪ್ಪು ಬಿಡಿಸಬೇಕು, ಆಮೇಲೆ ಒಣಗಿಸೋ ಮಾತು. ಇಷ್ಟು ವರ್ಷ ಗೋವಾದಲ್ಲಿ ಇವನು ಏನು ಮಾಡ್ತಾನೆ ಅಂತ ನಾನು ಸರಿಯಾಗಿ ಕೇಳಿಯೇ ಇರಲಿಲ್ಲ ಅನ್ನಿಸಿತು.

ಕರಿ ಬೂಷ್ಟಿನ ಮೇಲೆ ಬಿಳಿ ವಿನೆಗರ್ ಸ್ಪ್ರೇ ಮಾಡಿದ. ನೀರು ಬೆರೆಸದೆ, ಹಂಗೇ. ಒಂದು ತಾಸು ಬಿಡಬೇಕು ಅಂದ. ಅಷ್ಟರಲ್ಲಿ ಅವ್ವ ಬ್ಲೀಚಿಂಗ್ ಪೌಡರ್ ಕಲಸಿಕೊಂಡು ಬಂದಳು. ತಮ್ಮ ಬಾಗಿಲಲ್ಲೇ ತಡೆದ. "ಅವ್ವಾ, ಒಳಗ ತರಬ್ಯಾಡ. ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಏಳತೈತಿ." ಬಚ್ಚಲಿಗೆ ಹಾಕೋ ಆಸಿಡ್ ಜೊತೆ ಬ್ಲೀಚಿಂಗ್ ಬೆರೆತರೂ ಇದೇ ಕಥೆ. ಎರಡನ್ನೂ ಒಟ್ಟಿಗೆ ಸುರಿದರೆ ಜಾಸ್ತಿ ಬೆಳ್ಳಗಾಗುತ್ತೆ ಅಂತ ನಮ್ಮ ಓಣಿಯಲ್ಲಿ ಎಷ್ಟೋ ಜನ ನಂಬಿದ್ದಾರೆ. ಒಂದೇ ಕಿಂಡಿ ಇರುವ ಕ್ಯಾಬಿನ್ನಿನಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಇದು ಮೊದಲ ದಿನದ ಪಾಠವಂತೆ. ನೈಲಾನ್ ಹಾಯಿಗೂ ಅವನು ಬ್ಲೀಚ್ ಮುಟ್ಟಿಸುವುದಿಲ್ಲ. ಕಲೆ ಹೋಗುತ್ತೆ, ಜೊತೆಗೆ ಬಟ್ಟೆಯ ಕಸುವೂ ಹೋಗುತ್ತೆ.

ಒಣ ಬ್ರಷ್ಷಿನಿಂದ ಉಜ್ಜಲು ಬಿಡಲಿಲ್ಲ. ಒಣಗಿದ್ದನ್ನು ಉಜ್ಜಿದರೆ ಬೂಷ್ಟಿನ ಬೀಜ ಖೋಲಿ ತುಂಬ ಹಾರುತ್ತದೆ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಅರಿವೆಯಿಂದ ಒರೆಸಿದೆವು. ಅರಿವೆಯನ್ನು ಮತ್ತೆ ಮತ್ತೆ ಹಿಂಡಿದೆವು. ಟೇಬಲ್ ಫ್ಯಾನನ್ನು ಕಿಟಕಿಯಲ್ಲಿಟ್ಟು ಮುಖ ಹೊರಗೆ ತಿರುಗಿಸಿದ.

ಜಗಳವಾಗಿದ್ದು ಗಾದಿಯ ವಿಷಯಕ್ಕೆ. ಕೌದಿಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ್ದಾಗಿತ್ತು. ಗಾದಿಯ ಹತ್ತಿಯೊಳಗೇ ಬೂಷ್ಟು ಇಳಿದಿತ್ತು. ಇದನ್ನು ಒಗೆಯಲಾಗದು, ಎಸೀಬೇಕು ಅಂದ ತಮ್ಮ. ಅವ್ವನ ಮದುವೆಯ ಗಾದಿ ಅದು. "ನಿನ್ನನ್ನ ಹಡೆದಿದ್ದೂ ಇದರ ಮ್ಯಾಲೆ, ನಿನ್ನೂ ಎಸೀಲೇನು?" ಅಂದಳು. ಮಧ್ಯಾಹ್ನದ ಊಟದವರೆಗೆ ಮಾತಿಲ್ಲ. ಕೊನೆಗೆ ಗಾದಿಯ ಗಲೀಫು ಬಿಚ್ಚಿ ಅವಳೇ ಒಗೆಯಲು ತೆಗೆದುಕೊಂಡು ಹೋದಳು. ಹತ್ತಿ ತಿಪ್ಪೆಗೆ ಹೋಯಿತು.

ಊಟವಾದ ಮೇಲೆ ತಮ್ಮ ಅಸಲು ವಿಷಯಕ್ಕೆ ಬಂದ. ಎಷ್ಟು ಒರೆಸಿದರೂ ಒಳಗಿನ ಗಾಳಿ ಕದಲದಿದ್ದರೆ ಮುಂದಿನ ವಾರ ಮತ್ತೆ ಬರುತ್ತೆ. ದೋಣಿಗೆ ಇಲ್ಲೊಂದು ಫಜೀತಿ. ಗಾಳಿಗೆ ಕಿಂಡಿ ಬಿಟ್ಟರೆ ಅಲೆಯೂ ಒಳಗೆ ಬರುತ್ತೆ. ಇದಕ್ಕೆ ದಾರಿ ತೋರಿಸಿದ್ದು 1930ರಲ್ಲಿ ಅಮೆರಿಕದಲ್ಲಿ ನೀರಿಗಿಳಿದ ಡೊರಾಡ್ ಎಂಬ ಹಾಯಿದೋಣಿ. ಆ ದೋಣಿಯನ್ನು ಓಲಿನ್ ಸ್ಟೀಫನ್ಸ್ ಅನ್ನುವವರು ವಿನ್ಯಾಸ ಮಾಡಿದ್ದು. ಈಗಲೂ ಆ ಏರ್ಪಾಟಿಗೆ ಡೊರಾಡ್ ಪೆಟ್ಟಿಗೆ ಅಂತಲೇ ಹೆಸರು. ಡೆಕ್ ಮೇಲೆ ಒಂದು ಪೆಟ್ಟಿಗೆ. ಅದರ ಒಂದು ತುದಿಗೆ ಗಾಳಿ ಹಿಡಿಯುವ ಬಾಗಿದ ಕೊಳವೆ. ಇನ್ನೊಂದು ತುದಿಯಲ್ಲಿ ಕ್ಯಾಬಿನ್ನಿಗೆ ಇಳಿಯುವ ಕೊಳವೆ, ಅದರ ಬಾಯಿ ಮಾತ್ರ ಪೆಟ್ಟಿಗೆಯ ತಳಕ್ಕಿಂತ ಎತ್ತರದಲ್ಲಿ. ಒಳನುಗ್ಗಿದ ನೀರು ತಳಕ್ಕೆ ಬಿದ್ದು ಪಕ್ಕದ ತೂತಿನಿಂದ ಹೊರಗೆ ಹರಿಯುತ್ತದೆ. ಗಾಳಿ ಅದನ್ನು ದಾಟಿ ಒಳಗೆ ಇಳಿಯುತ್ತದೆ. ಸ್ಟೀಲ್ ಡಬ್ಬಿ, ಎರಡು ಲೋಟ ಇಟ್ಟು ತೋರಿಸಿದ.

ಅವ್ವ ಸಿಟ್ಟು ಮರೆತು ಬಗ್ಗಿ ನೋಡಿದಳು. "ಅಯ್ಯ, ನಮ್ಮ ಬೆಳಕಿಂಡಿ ಕೆಲಸಾನ ಮಾಡತೈತಲ್ಲೋ. ಮಳಿ ಬಂದ್ರ ನಾವು ಮ್ಯಾಲೆ ಹತ್ತಿ ಗಡಿಗಿ ಮುಚ್ಚತಿದ್ವಿ. ಇವರು ಗಡಿಗಿ ಮುಚ್ಚೋ ಕೆಲಸ ಉಳಿಸ್ಯಾರ." ಹೌದಲ್ಲ! ಈ ಖೋಲಿ ಮೊದಲು ಮಣ್ಣಿನ ಮಾಳಿಗೆಯದು. ನಡುವೆ ಬೆಳಕಿಂಡಿ ಇತ್ತು. ಸ್ಲ್ಯಾಬ್ ಹಾಕಿಸಿದಾಗ ಅದು ಹೋಯಿತು. ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾಯಿ, ಅದರ ಮೇಲೆ ಎಣ್ಣೆ ಬಣ್ಣ ಬಂತು. ಗೋಡೆ ಹೀರಿದ ನೀರಿಗೆ ಹೊರಹೋಗುವ ದಾರಿಯೂ ಇಲ್ಲದಾಯಿತು.

ಮರುದಿನವೇ ಗೌಂಡಿಯನ್ನು ಕರೆಸಿದೆವು. ಸ್ಲ್ಯಾಬಿಗೆ ಕೈ ಹಚ್ಚಬ್ಯಾಡ್ರಿ, ಸೋರತೈತಿ ಅಂದ. ಸರಿ ಅಂತ ಪಡುವಣ ಗೋಡೆಯ ಮೇಲ್ಗಡೆ ಒಂದು, ಎದುರು ಗೋಡೆಯ ಕೆಳಗಡೆ ಒಂದು ತೂತು ಹೊಡೆಸಿ ನಾಲ್ಕು ಇಂಚಿನ ಪಿವಿಸಿ ಪೈಪ್ ಕೂರಿಸಿದೆವು. ಪೈಪು ಸ್ವಲ್ಪ ಹೊರಕ್ಕೆ ಇಳಿಜಾರು, ತುದಿಯ ಎಲ್ಬೋ ಬಾಯಿ ಕೆಳಗೆ. ಡೊರಾಡ್ ಪೆಟ್ಟಿಗೆಯಷ್ಟು ಚೆಂದವಿಲ್ಲ, ಆದರೆ ಮಳೆನೀರು ಒಳಗೆ ಬರಲಿಲ್ಲ. ಕೆಳಗಿನ ಎಣ್ಣೆ ಬಣ್ಣ ಕೆರೆಸಿ ಸುಣ್ಣ ಬಳಿಸಿದೆವು. ತಿಜೋರಿ ಗೋಡೆಯಿಂದ ಗೇಣು ದೂರ ನಿಂತಿತು. ಅಕ್ಕಿ ಚೀಲಕ್ಕೆ ಸಂದು ಬಿಟ್ಟ ಹಲಗೆ. ದೋಣಿಯಲ್ಲಿ ಹಾಸಿಗೆಯ ಅಡಿಗೂ ಹೀಗೇ ಪಟ್ಟಿ ಹಾಕುತ್ತಾರಂತೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ತರಿಸೋಣವೇ ಅಂತ ಕೇಳಿದೆ. ಕಿಟಕಿ ತೆಗೆದ ಖೋಲಿಯಲ್ಲಿ ಅದು ಗದ್ದೆಯ ಗಾಳಿಯನ್ನೆಲ್ಲ ಒಣಗಿಸಲು ಹೋಗುತ್ತೆ, ಸುಮ್ನೆ ದುಡ್ಡು ದಂಡ ಅಂದ. ಮುಚ್ಚಿದ ತಿಜೋರಿಯೊಳಗೆ ಬೇಕಾದರೆ ಒಂದಿಡು ಅಂದ.

ಮೇಲಿನ ಕರಿ ಬೂಷ್ಟು ಆ ಮಳೆಗಾಲದಲ್ಲಿ ಮತ್ತೆ ಬರಲಿಲ್ಲ. ಕೆಳಗಿನ ಸವಳು ಬರುತ್ತಲೇ ಇದೆ. ಗದ್ದೆಯಲ್ಲಿ ನೀರಿರುವವರೆಗೆ ಅದು ಬರುವುದೇ. ಒಣ ಪೊರಕೆಯಿಂದ ಗುಡಿಸಿ ತೆಗೆಯುತ್ತೇವೆ. ಪೈಪಿನಿಂದ ಸೊಳ್ಳೆ ಬರುತ್ತವೆ ಅಂತ ಅವ್ವ ಎರಡಕ್ಕೂ ಜಾಳಿಗೆ ಕಟ್ಟಿಸಿದ್ದಾಳೆ. ರೈಸ್‌ಮಿಲ್ಲಿನ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಗೋವಾದಿಂದ ಫೋನ್ ಮಾಡಿದಾಗಲೆಲ್ಲ ತಮ್ಮ ಆರಾಮಾ ಅಂತ ಕೇಳೋಕೆ ಮೊದಲು ಜಾಳಿಗೆ ತೊಳೆದೆಯಾ ಅಂತ ಕೇಳುತ್ತಾನೆ.